ಪ್ಯಾಂಕ್ರಿಯಾಸ್ ಉರಿಯೂತ: ಮೊದಲ ಎರಡು ದಿನ, ಮತ್ತು ಮನೆಗೆ ಹೊರಡುವ ಮುನ್ನ

ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬುಗಳು ಸೇರುವ ಜಾಗದ ಕೆಳಗೆ, ಇದ್ದಕ್ಕಿದ್ದಂತೆ ನೋವು ಶುರುವಾಗುತ್ತದೆ. ನೋಡನೋಡುತ್ತಲೇ ತಡೆಯಲಾಗದಷ್ಟು ಜೋರಾಗುತ್ತದೆ. ಬೆನ್ನಿಗೂ ಹೊಡೆಯುತ್ತದೆ. ಅಂಗಾತ ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕೊಂಚ ಕಡಿಮೆ. ವಾಂತಿ ಬರುತ್ತದೆ, ವಾಂತಿಯಾದ ಮೇಲೂ ಹಗುರ ಅನಿಸುವುದಿಲ್ಲ. ‘ಗ್ಯಾಸ್ ಇರಬೇಕು, ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತೆ’ ಅಂತ ಮಾತ್ರೆ ನುಂಗಿ ಕಾಯುವವರು ಬಹಳ. ಈ ನೋವು ಹಾಗೆಲ್ಲ ಹೋಗುವುದಿಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಒಂದೇ ಸಮನೆ ಕಾಡುತ್ತದೆ.

ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಸಾಮಾನ್ಯವಾಗಿ ಶುರುವಾಗುವುದೇ ಹೀಗೆ. ಮೇದೋಜೀರಕ ಗ್ರಂಥಿಗೆ, ಅಂದರೆ ಪ್ಯಾಂಕ್ರಿಯಾಸ್‌ಗೆ, ದಿಢೀರನೆ ಬರುವ ಉರಿಯೂತ ಇದು. ಜಗತ್ತಿನ ಲೆಕ್ಕ ತೆಗೆದುಕೊಂಡರೆ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 30ರಿಂದ 40 ಮಂದಿಗೆ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಈ ಸಂಖ್ಯೆ ದಶಕಗಳಿಂದ ಏರುತ್ತಲೇ ಇದೆ. ಐವರಲ್ಲಿ ನಾಲ್ವರು ಒಂದು ವಾರದೊಳಗೆ ವಾಸಿಯಾಗಿ ಮನೆಗೆ ಹೋಗುತ್ತಾರೆ. ಉಳಿದವರ ಕಥೆ ಬೇರೆ. ಅವರಲ್ಲಿ ಕೆಲವರ ಶ್ವಾಸಕೋಶ, ಕಿಡ್ನಿ, ರಕ್ತದೊತ್ತಡ ಕೈಕೊಡುತ್ತವೆ. ಹಾಗೆ ಕೈಕೊಟ್ಟ ಅಂಗ ಎರಡು ದಿನ ಕಳೆದರೂ ಸುಧಾರಿಸದಿದ್ದರೆ, ಅಂಥವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಹೊಟ್ಟೆಯ ಆಳದಲ್ಲಿ ಅಡಗಿರುವ, ನೂರು ಗ್ರಾಂ ಆಸುಪಾಸಿನ ಒಂದು ಗ್ರಂಥಿ ಇಡೀ ದೇಹವನ್ನೇ ಅಲ್ಲಾಡಿಸಿಬಿಡುತ್ತದೆ.

ಈ ಉರಿಯೂತವನ್ನು ನೇರವಾಗಿ ತಡೆದು ನಿಲ್ಲಿಸುವ ಔಷಧ ಇವತ್ತಿಗೂ ಇಲ್ಲ. ಹಲವು ಬಗೆಯವನ್ನು ಪ್ರಯತ್ನಿಸಿ ನೋಡಿದ್ದಾಯಿತು, ಒಂದೂ ನಿಲ್ಲಲಿಲ್ಲ. ಆದರೂ ಹಿಂದಿನ ತಲೆಮಾರಿಗೆ ಹೋಲಿಸಿದರೆ ಈಗ ಈ ಕಾಯಿಲೆಯಿಂದ ಬದುಕಿ ಬರುವವರು ಹೆಚ್ಚು. ತೀವ್ರ ನಿಗಾ ಘಟಕಗಳು ಸುಧಾರಿಸಿದ್ದು ಒಂದು ಕಾರಣ. ನನ್ನ ಪ್ರಕಾರ ಅಷ್ಟೇ ದೊಡ್ಡ ಕಾರಣ ಇನ್ನೊಂದಿದೆ: ವೈದ್ಯರು ತಮ್ಮದೇ ಹಳೆಯ ರೂಢಿಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರು, ಸುಳ್ಳಾದವನ್ನು ಬಿಟ್ಟರು. ಕಷ್ಟ ಏನೆಂದರೆ ಎಲ್ಲ ಕಡೆ ಇನ್ನೂ ಬಿಟ್ಟಿಲ್ಲ. ಹಾಗಾಗಿ ಮನೆಯವರಿಗೂ ಈ ವಿಷಯ ಒಂದಿಷ್ಟು ಗೊತ್ತಿರಬೇಕು.

ಒಳಗೆ ಏನಾಗುತ್ತದೆ

ಪ್ಯಾಂಕ್ರಿಯಾಸ್ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರದಲ್ಲಿ. ನೋವು ಬೆನ್ನಿಗೆ ಹೊಡೆಯುವುದು ಅದಕ್ಕೇ. ಉದ್ದ ಸುಮಾರು 15 ಸೆಂಟಿಮೀಟರ್. ಅದಕ್ಕೆ ಎರಡು ಕೆಲಸ. ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಒಂದು. ಆಹಾರ ಜೀರ್ಣಿಸುವ ರಸ ತಯಾರಿಸಿ ಸಣ್ಣ ಕರುಳಿಗೆ ಕಳಿಸುವುದು ಇನ್ನೊಂದು. ಈ ರಸವೇ ದಿನಕ್ಕೆ ಒಂದು ಲೀಟರ್‌ಗಿಂತ ಹೆಚ್ಚು ಬರುತ್ತದೆ. ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್, ಕೊಬ್ಬು ಒಡೆಯುವ ಲೈಪೇಸ್, ಪಿಷ್ಟ ಒಡೆಯುವ ಅಮೈಲೇಸ್ ಎಲ್ಲ ಅದರಲ್ಲಿರುತ್ತವೆ.

ಮಾಂಸವನ್ನೇ ಕರಗಿಸುವ ಈ ರಸ ತನ್ನನ್ನು ಹುಟ್ಟಿಸಿದ ಗ್ರಂಥಿಯನ್ನು ಯಾಕೆ ಕರಗಿಸುವುದಿಲ್ಲ? ಯಾಕೆಂದರೆ ದೇಹ ಇಲ್ಲಿ ಒಂದರ ಮೇಲೊಂದು ಕಾವಲು ಹಾಕಿದೆ. ಟ್ರಿಪ್ಸಿನ್ ಮೊದಲಿಗೆ ಟ್ರಿಪ್ಸಿನೋಜೆನ್ ಎಂಬ ಕೆಲಸ ಮಾಡದ ರೂಪದಲ್ಲಿ ತಯಾರಾಗುತ್ತದೆ. ಅದು ನಾಳದಲ್ಲಿ ಹರಿದು ಸಣ್ಣ ಕರುಳಿನ ಮೊದಲ ಭಾಗ ತಲುಪಿದ ಮೇಲೆ ಅಲ್ಲಿಯ ಎಂಟೆರೋಕೈನೇಸ್ ಎಂಬ ಕಿಣ್ವ ಅದರ ತುದಿ ಕತ್ತರಿಸುತ್ತದೆ. ಆಗ ಮಾತ್ರ ಅದಕ್ಕೆ ಹಲ್ಲು ಬರುತ್ತದೆ. ದಾರಿಯಲ್ಲೇ ಅಲ್ಪಸ್ವಲ್ಪ ಟ್ರಿಪ್ಸಿನ್ ಎಚ್ಚರವಾದರೆ ಅದನ್ನು ಹಿಡಿದುಹಾಕುವ ತಡೆ ಪ್ರೋಟೀನ್ ಒಂದು ಗ್ರಂಥಿಯಲ್ಲೇ ಇದೆ. ಸಾಲದು ಅಂತ, ಟ್ರಿಪ್ಸಿನ್‌ಗೆ ತನ್ನನ್ನು ತಾನೇ ಕತ್ತರಿಸಿಕೊಂಡು ನಿಷ್ಕ್ರಿಯವಾಗುವ ಒಂದು ಜಾಗವೂ ಇದೆ.

ಈ ಕೊನೆಯ ಕಾವಲು ಎಷ್ಟು ಮುಖ್ಯ ಅನ್ನುವುದು 1996ರಲ್ಲಿ ತಿಳಿಯಿತು. ಕೆಲವು ಕುಟುಂಬಗಳಲ್ಲಿ ಮಕ್ಕಳಿಗೇ ಪದೇ ಪದೇ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ. ಅಮೆರಿಕದ ವೈದ್ಯ ಡೇವಿಡ್ ವಿಟ್‌ಕಾಂಬ್ ಮತ್ತು ಸಂಗಡಿಗರು ಇಂಥ ಕುಟುಂಬಗಳ ಜೀನ್‌ಗಳನ್ನು ಹುಡುಕಿದಾಗ ಸಿಕ್ಕಿದ್ದು ಟ್ರಿಪ್ಸಿನೋಜೆನ್ ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅದು ಬದಲಾದದ್ದು ಸರಿಯಾಗಿ ಆ ಕತ್ತರಿಸಿಕೊಳ್ಳುವ ಜಾಗದಲ್ಲೇ. ಗ್ರಂಥಿಯ ಒಳಗೆ ಎಚ್ಚರವಾದ ಟ್ರಿಪ್ಸಿನ್‌ಗೆ ಇನ್ನು ಮಲಗಲು ಬರುವುದಿಲ್ಲ. ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಅಂತ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1896ರಲ್ಲೇ ಹೇಳಿದ್ದರು. ಆ ಮಾತಿಗೆ ಜೀನ್ ಮಟ್ಟದ ಸಾಕ್ಷಿ ಸಿಗಲು ಸರಿಯಾಗಿ ನೂರು ವರ್ಷ ಬೇಕಾಯಿತು.

ಹೆಚ್ಚಿನ ರೋಗಿಗಳಲ್ಲಿ ಜೀನ್ ಸರಿಯಾಗೇ ಇರುತ್ತದೆ. ರಸ ಹೊರಗೆ ಹರಿಯುವ ದಾರಿ ಕಟ್ಟಿಕೊಂಡೋ, ಮದ್ಯದಂಥ ವಿಷ ತಾಗಿಯೋ ಗ್ರಂಥಿಯ ಕೋಶಗಳೊಳಗೆ ವ್ಯವಸ್ಥೆ ಹದಗೆಡುತ್ತದೆ. ಕೋಶದಲ್ಲಿ ಕ್ಯಾಲ್ಸಿಯಂ ಮಟ್ಟ ಏರುತ್ತದೆ, ಬೇರೆ ಬೇರೆ ಚೀಲಗಳಲ್ಲಿ ಇರಬೇಕಾದ ಕಿಣ್ವಗಳು ಒಂದರೊಳಗೊಂದು ಬೆರೆಯುತ್ತವೆ, ಟ್ರಿಪ್ಸಿನ್ ಅಲ್ಲೇ ಎಚ್ಚರವಾಗುತ್ತದೆ. ಅದು ಉಳಿದ ಕಿಣ್ವಗಳನ್ನೂ ಎಬ್ಬಿಸುತ್ತದೆ. ಲೈಪೇಸ್ ಸುತ್ತಲಿನ ಕೊಬ್ಬಿಗೆ ಕೈಹಾಕುತ್ತದೆ. ಒಡೆದ ಕೊಬ್ಬಿನಿಂದ ಬಂದ ಆಮ್ಲಗಳು ಕ್ಯಾಲ್ಸಿಯಂ ಜತೆ ಸೇರಿ ಗಟ್ಟಿಯಾಗುತ್ತವೆ. ಹೊಟ್ಟೆ ತೆರೆದು ನೋಡಿದ ಶಸ್ತ್ರವೈದ್ಯರಿಗೆ ಹಳದಿ ಕೊಬ್ಬಿನ ಮೇಲೆ ಸೀಮೆಸುಣ್ಣದಂಥ ಬಿಳಿ ಚುಕ್ಕೆಗಳು ಅಲ್ಲಲ್ಲಿ ಕಾಣುವುದು ಇದರಿಂದಲೇ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಸಾಬೂನು. ಕಾಯಿಲೆ ಜೋರಾದವರ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಗೇ ನಿಂತಿದ್ದರೆ ಇದು ಬರೀ ಹೊಟ್ಟೆಯ ಕಾಯಿಲೆಯಾಗಿ ಉಳಿಯುತ್ತಿತ್ತು. ಆದರೆ ಸತ್ತ ಕೋಶಗಳ ಸುಳಿವು ಸಿಕ್ಕ ರೋಗನಿರೋಧಕ ವ್ಯವಸ್ಥೆ ಮೈತುಂಬ ಎಚ್ಚರಿಕೆ ಕೊಡುತ್ತದೆ. ರಕ್ತನಾಳಗಳ ಗೋಡೆ ಸಡಿಲವಾಗಿ ನೀರಿನಂಶ ಹೊರಗೆ ಸೋರುತ್ತದೆ. ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ನೀರು ತುಂಬುತ್ತದೆ. ರಕ್ತನಾಳದೊಳಗೆ ಮಾತ್ರ ಬರ. ರಕ್ತದೊತ್ತಡ ಇಳಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಉಸಿರು ಮೇಲೆ ಕೆಳಗೆ ಆಗುತ್ತದೆ. ಮೊದಲ ವಾರದಲ್ಲಿ ಜೀವ ಹೋಗುವುದು ಸಾಮಾನ್ಯವಾಗಿ ಈ ದಾರಿಯಲ್ಲಿ. ಸೋಂಕಿನ ಸರದಿ ಬರುವುದು ಆಮೇಲೆ.

ಕಾರಣಗಳು, ಅದರಲ್ಲೂ ಒಂದು ಪುಟ್ಟ ಕಲ್ಲು

ಪಿತ್ತಕೋಶದಿಂದ ಬರುವ ಪಿತ್ತನಾಳ ಮತ್ತು ಪ್ಯಾಂಕ್ರಿಯಾಸ್‌ನ ನಾಳ ಸಣ್ಣ ಕರುಳಿಗೆ ಸೇರುವ ಹೊತ್ತಿಗೆ ಒಂದೇ ಬಾಯಲ್ಲಿ ಕೂಡಿಕೊಳ್ಳುತ್ತವೆ. ಎರಡು ಮನೆಗೆ ಒಂದೇ ಗೇಟ್ ಇದ್ದ ಹಾಗೆ. ಒಂದು ಮನೆಯ ಸಾಮಾನು ಗೇಟಿನಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಮನೆಯವರಿಗೂ ಹೊರಗೆ ಬರಲಾಗದು. 1901ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಯೂಜಿನ್ ಓಪಿ ಎಂಬ ವೈದ್ಯರು ಪ್ಯಾಂಕ್ರಿಯಾಟೈಟಿಸ್‌ನಿಂದ ತೀರಿಕೊಂಡವರ ಶವಪರೀಕ್ಷೆ ಮಾಡಿದಾಗ ಸರಿಯಾಗಿ ಆ ಬಾಯಲ್ಲಿ ಒಂದು ಚಿಕ್ಕ ಕಲ್ಲು ಸಿಕ್ಕಿಕೊಂಡಿದ್ದನ್ನು ಕಂಡರು. ಪಿತ್ತಕೋಶದ ಕಲ್ಲಿಗೂ ಈ ಕಾಯಿಲೆಗೂ ಇರುವ ನಂಟು ಅಲ್ಲಿಂದ ಸ್ಪಷ್ಟವಾಯಿತು.

ಇವತ್ತಿಗೂ ಬಹುತೇಕ ದೇಶಗಳಲ್ಲಿ ಮೊದಲ ಕಾರಣ ಇದೇ. ಸುಮಾರು ಶೇ. 40ರಷ್ಟು ಪ್ರಕರಣಗಳು ಪಿತ್ತಕೋಶದ ಕಲ್ಲಿನಿಂದ ಬರುತ್ತವೆ. ಜನರಿಗೆ ದೊಡ್ಡ ಕಲ್ಲು ಅಂದರೆ ಭಯ, ‘ಸಣ್ಣದು ಇದೆ’ ಅಂದರೆ ಸಮಾಧಾನ. ಇಲ್ಲಿ ಲೆಕ್ಕ ತಿರುವುಮುರುವು. ದೊಡ್ಡ ಕಲ್ಲು ಪಿತ್ತಕೋಶದಲ್ಲೇ ಕೂತಿರುತ್ತದೆ. ಕೆಲವೇ ಮಿಲಿಮೀಟರ್ ಇರುವ ಕಲ್ಲು ಜಾರಿ ನಾಳಕ್ಕೆ ಇಳಿಯುತ್ತದೆ, ಗೇಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಸಲ ರೋಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಅದು ಕರುಳಿಗೆ ಬಿದ್ದು ಹೋಗಿರುತ್ತದೆ, ಆದರೆ ಹಚ್ಚಿದ ಬೆಂಕಿ ಉರಿಯುತ್ತಲೇ ಇರುತ್ತದೆ.

ಎರಡನೆಯ ದೊಡ್ಡ ಕಾರಣ ಮದ್ಯ. ಇದು ಒಂದು ರಾತ್ರಿ ಕುಡಿದದ್ದರ ಫಲ ಅಂತ ತುಂಬ ಜನ ತಿಳಿದಿದ್ದಾರೆ. ಹೆಚ್ಚಾಗಿ ಇದು ವರ್ಷಗಟ್ಟಲೆ ಜಾಸ್ತಿ ಕುಡಿದವರ ಕಾಯಿಲೆ. ಹಾಗೆ ಕುಡಿಯುವವರಲ್ಲೂ ಸಣ್ಣ ಪಾಲಿಗೆ ಮಾತ್ರ ಬರುತ್ತದೆ. ಯಾರಿಗೆ ಬರುತ್ತದೆ ಅನ್ನುವುದರಲ್ಲಿ ಜೀನ್‌ಗಳ ಪಾತ್ರ ಇದೆ, ಸಿಗರೇಟಿನ ಪಾತ್ರವೂ ಇದೆ. ಕುಡಿತದ ಬಗ್ಗೆ ಕೇಳುವ ವೈದ್ಯರು ಸಿಗರೇಟಿನ ಬಗ್ಗೆ ಕೇಳುವುದನ್ನು ಮರೆಯುವುದುಂಟು. ಅದು ತಾನಾಗಿಯೇ ಒಂದು ಸ್ವತಂತ್ರ ಕಾರಣ ಅಂತ ಈಗ ಗೊತ್ತಾಗಿದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪ್ಯಾಂಕ್ರಿಯಾಟೈಟಿಸ್ ಅಂದ ಕೂಡಲೇ ‘ಕುಡಿತಾನೆ ಅನ್ಸುತ್ತೆ’ ಎಂಬ ತೀರ್ಪು ಬಂದುಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಮದ್ಯಕ್ಕೂ ಕಾಯಿಲೆಗೂ ಸಂಬಂಧವೇ ಇರುವುದಿಲ್ಲ. ನೋವಲ್ಲಿ ಹೊರಳಾಡುವವರಿಗೆ ಈ ಅವಮಾನ ಬೇರೆ ಯಾಕೆ?

ಮೂರನೆಯದು ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ ಏರುವುದು. ಡೆಸಿಲೀಟರ್‌ಗೆ 150 ಮಿಲಿಗ್ರಾಂ ಒಳಗಿರಬೇಕಾದದ್ದು 1000 ದಾಟಿದಾಗ ಅಪಾಯ ಶುರು. ಇಂಥವರ ರಕ್ತ ತೆಗೆದು ಟ್ಯೂಬಿನಲ್ಲಿ ಹಾಗೇ ಇಟ್ಟರೆ ಮೇಲಿನ ತಿಳಿ ಭಾಗ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಲ್ಯಾಬಿನವರು ಒಮ್ಮೆ ನೋಡಿದರೆ ಸಾಕು, ಕಾರಣ ಹೇಳಿಬಿಡುತ್ತಾರೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇರುವವರಲ್ಲಿ, ಹುಟ್ಟಿನಿಂದಲೇ ಕೊಬ್ಬಿನ ತೊಂದರೆ ಇರುವವರಲ್ಲಿ, ಕೆಲವೊಮ್ಮೆ ಗರ್ಭಿಣಿಯರಲ್ಲಿ ಇದು ಕಾಣುತ್ತದೆ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಹೆಚ್ಚಿದಂತೆ ಈ ಗುಂಪೂ ಬೆಳೆಯುತ್ತಿದೆ.

ಉಳಿದವು ಚಿಲ್ಲರೆ ಕಾರಣಗಳು, ಆದರೆ ಹುಡುಕದೆ ಬಿಡುವಂಥವಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದು, ಹೊಟ್ಟೆಗೆ ಬಿದ್ದ ಪೆಟ್ಟು, ಮಂಗಬಾವಿನಂಥ ವೈರಸ್, ಅಜಾಥಯೋಪ್ರಿನ್ ಅಥವಾ ವಾಲ್ಪ್ರೊಯೇಟ್‌ನಂಥ ಕೆಲವು ಔಷಧ, ದೇಹವೇ ಗ್ರಂಥಿಯ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ. ಟ್ರಿನಿಡಾಡ್‌ನಲ್ಲಿರುವ ಒಂದು ಜಾತಿಯ ಚೇಳು ಕಚ್ಚಿದರೂ ಬರುತ್ತದೆ. ಪಿತ್ತನಾಳದೊಳಗೆ ಕೊಳವೆ ಹಾಕಿ ಮಾಡುವ ಇಆರ್‌ಸಿಪಿ ಎಂಬ ಪ್ರಕ್ರಿಯೆಯಿಂದಲೇ ಕೆಲವರಿಗೆ ಶುರುವಾಗುವುದುಂಟು. ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಅಪಾಯ ಹೆಚ್ಚಿರುವವರಿಗೆ ಈ ಪ್ರಕ್ರಿಯೆ ವೇಳೆ ಗುದದ್ವಾರದಲ್ಲಿ ಇಂಡೊಮೆಥಾಸಿನ್ ಎಂಬ ಹಳೆಯ, ಅಗ್ಗದ ನೋವಿನ ಔಷಧ ಇಟ್ಟರೆ ಈ ತೊಂದರೆ ಶೇ. 16.9ರಿಂದ ಶೇ. 9.2ಕ್ಕೆ ಇಳಿಯಿತು ಅಂತ 2012ರ ಒಂದು ಅಧ್ಯಯನ ತೋರಿಸಿತು.

ಪತ್ತೆ ಮತ್ತು ಒಂದು ನಂಬರ್‌ನ ಮೋಹ

ಪತ್ತೆಯ ನಿಯಮ ಸರಳ. ಈ ಕಾಯಿಲೆಗೆ ವೈದ್ಯರು ಬಳಸುವ, 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಮೂರರಲ್ಲಿ ಎರಡು ಇದ್ದರೆ ಸಾಕು: ಈ ಕಾಯಿಲೆಗೆ ಹೊಂದುವ ಹೊಟ್ಟೆನೋವು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಮಾಮೂಲಿ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು, ಸ್ಕ್ಯಾನ್‌ನಲ್ಲಿ ಕಾಣುವ ಉರಿಯೂತ. ಎರಡರಲ್ಲಿ ಲೈಪೇಸ್ ಹೆಚ್ಚು ನಂಬಿಕಸ್ಥ. ಅಮೈಲೇಸ್ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತದೆ. ಟ್ರೈಗ್ಲಿಸರೈಡ್ ವಿಪರೀತ ಇದ್ದಾಗ ಸುಳ್ಳು ಸುಳ್ಳೇ ನಾರ್ಮಲ್ ತೋರಿಸುವುದೂ ಇದೆ.

ನೋವು ಸ್ಪಷ್ಟವಾಗಿದ್ದು ಲೈಪೇಸ್ ಏರಿದ್ದರೆ ಮೊದಲ ದಿನವೇ ಸಿಟಿ ಸ್ಕ್ಯಾನ್ ಬೇಕಿಲ್ಲ. ‘ಇಷ್ಟು ನೋವಿದೆ, ಸಿಟಿ ಯಾಕೆ ಮಾಡಿಸ್ತಿಲ್ಲ?’ ಅಂತ ಮನೆಯವರು ಕೇಳುವುದು ಸಹಜ. ಆದರೆ ಗ್ರಂಥಿಯ ಯಾವ ಭಾಗ ಸತ್ತಿದೆ ಅನ್ನುವುದು ಮೊದಲ ದಿನ ಸರಿಯಾಗಿ ಕಾಣುವುದೇ ಇಲ್ಲ. ಮೂರು ನಾಲ್ಕು ದಿನ ಕಳೆದ ಮೇಲೆ ಮಾಡಿದ ಸ್ಕ್ಯಾನ್ ಹೆಚ್ಚು ಹೇಳುತ್ತದೆ. ರೋಗ ಯಾವುದು ಅನ್ನುವುದೇ ಅನುಮಾನ ಇದ್ದರೆ ಮಾತು ಬೇರೆ, ಆಗ ಬೇಗ ಮಾಡಲೇಬೇಕು. ಮೊದಲ ದಿನವೇ ಎಲ್ಲರಿಗೂ ಬೇಕಾದದ್ದು ಅಲ್ಟ್ರಾಸೌಂಡ್. ಪಿತ್ತಕೋಶದಲ್ಲಿ ಕಲ್ಲಿದೆಯೋ ಇಲ್ಲವೋ ಅಂತ ನೋಡಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನು ಆ ಲೈಪೇಸ್ ನಂಬರ್. ರೋಗ ಪತ್ತೆಗೆ ಅದು ಬೇಕು. ಪತ್ತೆಯಾದ ಮೇಲೆ ಅದರ ಕೆಲಸ ಮುಗಿಯಿತು. 3000 ಇದ್ದವರು ಮೂರೇ ದಿನಕ್ಕೆ ಮನೆಗೆ ಹೋಗಬಹುದು, 600 ಇದ್ದವರು ಐಸಿಯು ಸೇರಬಹುದು. ಆದರೂ ದಿನಾ ಬೆಳಿಗ್ಗೆ ರಕ್ತ ತೆಗೆದು ‘ಲೈಪೇಸ್ ಎಷ್ಟು ಇಳೀತು?’ ಅಂತ ನೋಡುವ ಅಭ್ಯಾಸ ಹಲವು ಕಡೆ ಇದೆ. ಇದರಿಂದ ಖರ್ಚು ಬರುತ್ತದೆ, ಆತಂಕ ಬರುತ್ತದೆ, ಚಿಕಿತ್ಸೆಗೆ ಏನೂ ಬರುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಉಸಿರಾಟದ ವೇಗ, ನಾಡಿ, ಆಮ್ಲಜನಕದ ಮಟ್ಟ, ಗಂಟೆಗೆ ಎಷ್ಟು ಮೂತ್ರ ಬರುತ್ತಿದೆ, ರಕ್ತದಲ್ಲಿ ಯೂರಿಯಾ ಏರುತ್ತಿದೆಯೋ ಇಳಿಯುತ್ತಿದೆಯೋ, ರೋಗಿ ಸ್ಪಷ್ಟವಾಗಿ ಮಾತಾಡುತ್ತಿದ್ದಾರೋ ಇಲ್ಲವೋ. ಅಟ್ಲಾಂಟಾ ವರ್ಗೀಕರಣ ತೀವ್ರತೆಯನ್ನು ಅಳೆಯುವುದೂ ಅಂಗಗಳ ಮೇಲೆಯೇ. ಅಂಗವೂ ಕೈಕೊಟ್ಟಿಲ್ಲ, ಗ್ರಂಥಿಯ ಸುತ್ತಲೂ ತೊಂದರೆ ಇಲ್ಲ ಅಂದರೆ ಸೌಮ್ಯ. ಕೈಕೊಟ್ಟ ಅಂಗ 48 ಗಂಟೆಯೊಳಗೆ ಸರಿಹೋದರೆ, ಅಥವಾ ಸ್ಥಳೀಯ ತೊಂದರೆ ಮಾತ್ರ ಇದ್ದರೆ ಮಧ್ಯಮ. 48 ಗಂಟೆ ದಾಟಿಯೂ ಸರಿಹೋಗದಿದ್ದರೆ ತೀವ್ರ. ಮೊದಲ ಎರಡು ದಿನ ಅಷ್ಟು ಮುಖ್ಯವಾಗುವುದು ಇದಕ್ಕೇ. ಬಂದ ಗಳಿಗೆಯಲ್ಲಿ ಯಾವ ವೈದ್ಯರಿಗೂ ಖಚಿತವಾಗಿ ಹೇಳಲಾಗದು. ‘ಎರಡು ದಿನ ನೋಡೋಣ’ ಅಂದರೆ ಅದು ಜಾರಿಕೊಳ್ಳುವ ಮಾತಲ್ಲ.

ಬಿದ್ದುಹೋದ ರೂಢಿಗಳು

ಮೊದಲು ಡ್ರಿಪ್. ರಕ್ತನಾಳದಿಂದ ನೀರು ಸೋರುತ್ತದೆ ಅಂದ ಮೇಲೆ ನೀರು ತುಂಬಿಸಬೇಕು, ಸರಿ. ಎಷ್ಟು? ಬಹಳ ವರ್ಷ ಉತ್ತರ ‘ಸಾಧ್ಯವಾದಷ್ಟು ಜಾಸ್ತಿ, ಸಾಧ್ಯವಾದಷ್ಟು ಬೇಗ’ ಅಂತಿತ್ತು. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಎಂಬ ಅಧ್ಯಯನ ಇದನ್ನೇ ಪರೀಕ್ಷಿಸಿತು. ಭಾರತ, ಇಟಲಿ, ಮೆಕ್ಸಿಕೊ, ಸ್ಪೇನ್‌ನ ಆಸ್ಪತ್ರೆಗಳ 249 ರೋಗಿಗಳು ಅದರಲ್ಲಿದ್ದರು. ಒಂದು ಗುಂಪಿಗೆ ರಭಸದಿಂದ, ಇನ್ನೊಂದಕ್ಕೆ ಹದವಾಗಿ ದ್ರವ ಕೊಟ್ಟರು. ರಭಸದ ಗುಂಪಿನಲ್ಲಿ ಶೇ. 20.5 ಮಂದಿಗೆ ಮೈಯಲ್ಲಿ ನೀರು ಹೆಚ್ಚಾಗಿ ತೊಂದರೆಯಾಯಿತು, ಹದದ ಗುಂಪಿನಲ್ಲಿ ಶೇ. 6.3 ಮಂದಿಗೆ. ಕಾಯಿಲೆ ಮಾತ್ರ ಯಾವ ರೀತಿಯಲ್ಲೂ ಕಡಿಮೆ ತೀವ್ರವಾಗಲಿಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈಗಿನ ಪದ್ಧತಿ ರಿಂಗರ್ ಲ್ಯಾಕ್ಟೇಟ್‌ನಂಥ ದ್ರವವನ್ನು ಹದವಾಗಿ ಕೊಡುವುದು, ಕೆಲವು ಗಂಟೆಗೊಮ್ಮೆ ರೋಗಿಯನ್ನು ನೋಡಿ ವೇಗ ಬದಲಿಸುವುದು.

ಎರಡನೆಯದು ಉಪವಾಸ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ರೂಢಿ ಇದು. ತಿಂದರೆ ಗ್ರಂಥಿ ರಸ ಬಿಡುತ್ತದೆ, ರಸ ಬಿಟ್ಟರೆ ಉರಿಯೂತ ಹೆಚ್ಚುತ್ತದೆ, ಹಾಗಾಗಿ ಗ್ರಂಥಿಗೆ ‘ವಿಶ್ರಾಂತಿ’ ಕೊಡಿ ಎಂಬ ತರ್ಕ. ಕೇಳಲು ಚೆನ್ನಾಗಿದೆ. ನಿಜ ಸಂಗತಿ ಬೇರೆ. ಕರುಳಿಗೆ ಆಹಾರ ಬೀಳದಿದ್ದರೆ ಅದರ ಒಳಗೋಡೆ ದುರ್ಬಲವಾಗುತ್ತದೆ, ಅಲ್ಲಿಯ ಬ್ಯಾಕ್ಟೀರಿಯಾ ಗೋಡೆ ದಾಟಿ ಸತ್ತ ಗ್ರಂಥಿಯ ಭಾಗಕ್ಕೆ ಹೋಗಿ ಸೋಂಕು ಹಚ್ಚುವ ಅಪಾಯ ಹೆಚ್ಚುತ್ತದೆ. ಇವತ್ತಿನ ಮಾರ್ಗಸೂಚಿಗಳು ಸೌಮ್ಯ ಕಾಯಿಲೆಯವರಿಗೆ ವಾಂತಿ ನಿಂತು ಹಸಿವಾದ ಕೂಡಲೇ, ಆದಷ್ಟೂ 24 ಗಂಟೆಯೊಳಗೆ, ಬಾಯಿಂದ ಊಟ ಕೊಡಿ ಅನ್ನುತ್ತವೆ. ನೋವು ಪೂರ್ತಿ ಹೋಗಲಿ, ಲೈಪೇಸ್ ಇಳಿಯಲಿ ಅಂತ ಕಾಯಬೇಕಿಲ್ಲ. ನೀರು, ಗಂಜಿ, ಮೆತ್ತಗಿನದು ಅಂತ ಮೆಟ್ಟಿಲು ಹತ್ತಬೇಕಾಗಿಯೂ ಇಲ್ಲ. ಕೊಬ್ಬು ಕಡಿಮೆ ಇರುವ ಮಾಮೂಲಿ ಊಟದಿಂದಲೇ ಶುರು ಮಾಡಬಹುದು. ತಿನ್ನಲು ಆಗದಷ್ಟು ಕಾಯಿಲೆ ಇದ್ದವರಿಗೆ ಮೂಗಿನಿಂದ ಹಾಕಿದ ನಳಿಕೆಯಲ್ಲಿ ಆಹಾರ ಕೊಡುತ್ತಾರೆ. ಅವರಿಗೂ ಅವಸರ ಬೇಡ. ಮೂರು ದಿನ ಕಾದು, ಬಾಯಿಂದ ಆಗದಿದ್ದರೆ ಮಾತ್ರ ನಳಿಕೆ ಹಾಕಿದರೂ ಫಲಿತಾಂಶ ಅಷ್ಟೇ ಅಂತ 2014ರ ಡಚ್ ಅಧ್ಯಯನ ಹೇಳಿತು. ರಕ್ತನಾಳದಿಂದ ಪೋಷಣೆ ಕೊಡುವುದು ಕೊನೆಯ ಉಪಾಯ.

ಮೂರನೆಯದು ಆ್ಯಂಟಿಬಯಾಟಿಕ್. ಜ್ವರ ಬಂದಿದೆ, ಬಿಳಿ ರಕ್ತಕಣ ಏರಿವೆ, ಕೊಟ್ಟುಬಿಡೋಣ ಅನಿಸುತ್ತದೆ. ಮೊದಲ ವಾರದ ಈ ಜ್ವರ ಬಹುಪಾಲು ಉರಿಯೂತದ್ದೇ, ಸೋಂಕಿನದಲ್ಲ. ‘ಮುಂಜಾಗ್ರತೆಗೆ’ ಕೊಟ್ಟ ಆ್ಯಂಟಿಬಯಾಟಿಕ್‌ನಿಂದ ಸಾವು ತಪ್ಪುವುದಿಲ್ಲ ಅಂತ ಒಳ್ಳೆಯ ಅಧ್ಯಯನಗಳು ತೋರಿಸಿವೆ. ಸೋಂಕು ಆಗಿದೆ ಅಂತ ಗೊತ್ತಾದಾಗ ಅಥವಾ ಬಲವಾದ ಅನುಮಾನ ಬಂದಾಗ ಮಾತ್ರ ಅದರ ಸರದಿ. ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟರೆ ಸೋಂಕು ತಡೆಯಬಹುದೇ ಎಂಬ ಯೋಚನೆಯೂ ಬಂತು. 2008ರಲ್ಲಿ ನೆದರ್ಲೆಂಡ್ಸ್‌ನ ಪ್ರೊಪೇಟ್ರಿಯಾ ಅಧ್ಯಯನದಲ್ಲಿ ತೀವ್ರ ಕಾಯಿಲೆಯ ಸಾಧ್ಯತೆ ಇದ್ದವರಿಗೆ ಪ್ರೊಬಯಾಟಿಕ್ ಕೊಟ್ಟು ನೋಡಿದರು. ಕೊಟ್ಟವರಲ್ಲಿ ಶೇ. 16 ಮಂದಿ ಸತ್ತರು, ಕೊಡದವರಲ್ಲಿ ಶೇ. 6. ‘ಹಾನಿಯಂತೂ ಇಲ್ವಲ್ಲ, ಕೊಟ್ಟರೆ ಏನಾಯ್ತು?’ ಎಂಬ ಮಾತನ್ನು ಯಾವ ಆಸ್ಪತ್ರೆಯಲ್ಲಿ ಕೇಳಿದರೂ ನನಗೆ ಈ ಎರಡು ಅಂಕಿ ನೆನಪಾಗುತ್ತವೆ.

ನೋವಿನ ಬಗ್ಗೆಯೂ ಒಂದು ಮಾತು. ಮಾರ್ಫಿನ್ ಕೊಟ್ಟರೆ ಎರಡು ನಾಳ ಕರುಳಿಗೆ ಸೇರುವ ಆ ಸಣ್ಣ ಬಾಯಿಯ ಸ್ನಾಯು ಬಿಗಿಯಾಗಿ ಕಾಯಿಲೆ ಹೆಚ್ಚುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ರೋಗಿಗಳನ್ನು ನರಳಲು ಬಿಟ್ಟದ್ದುಂಟು. ಹಾಗೆ ಕಾಯಿಲೆ ಹೆಚ್ಚಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಇದು ಮನುಷ್ಯರಿಗೆ ಬರುವ ಅತಿ ಕೆಟ್ಟ ನೋವುಗಳಲ್ಲಿ ಒಂದು. ಅದನ್ನು ಇಳಿಸುವುದು ಮೊದಲ ದಿನದ ಚಿಕಿತ್ಸೆಯ ಭಾಗ.

ಕೊನೆಯದಾಗಿ ಶಸ್ತ್ರಚಿಕಿತ್ಸೆ. ಗ್ರಂಥಿಯ ಒಂದು ಭಾಗ ಸತ್ತು ಕೊಳೆತು ಸೋಂಕಾದರೆ ಹೊಟ್ಟೆ ತೆರೆದು ಎಲ್ಲವನ್ನೂ ತೆಗೆದುಹಾಕುವುದೇ ಹಿಂದಿನ ದಾರಿಯಾಗಿತ್ತು. 2010ರಲ್ಲಿ ಪ್ಯಾಂಟರ್ ಎಂಬ ಡಚ್ ಅಧ್ಯಯನ 88 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ನೇರ ದೊಡ್ಡ ಆಪರೇಷನ್. ಇನ್ನೊಂದು ಗುಂಪಿಗೆ ಮೊದಲು ಚರ್ಮದ ಮೂಲಕ ಒಂದು ಕೊಳವೆ ಹಾಕಿ ಕೀವು ಹೊರಬಿಡುವುದು, ಅದರಿಂದ ಆಗದಿದ್ದರೆ ಮಾತ್ರ ಸಣ್ಣ ರಂಧ್ರದಿಂದ ಮುಂದಿನ ಹೆಜ್ಜೆ. ದೊಡ್ಡ ತೊಂದರೆ ಅಥವಾ ಸಾವು ಆಪರೇಷನ್ ಗುಂಪಿನಲ್ಲಿ ಶೇ. 69, ಹಂತ ಹಂತದ ಗುಂಪಿನಲ್ಲಿ ಶೇ. 40. ಎರಡನೇ ಗುಂಪಿನ ಶೇ. 35 ಮಂದಿಗೆ ಬರೀ ಕೊಳವೆಯಲ್ಲೇ ಕೆಲಸ ಮುಗಿಯಿತು. ಆಮೇಲೆ ಅದೇ ದೇಶದವರು ಇನ್ನೂ ಮುಂದೆ ಹೋದರು. ಕೊಳವೆಯನ್ನಾದರೂ ಬೇಗ ಹಾಕಬೇಕೇ ಅಂತ ಕೇಳಿದರು. 2021ರ ಉತ್ತರ: ಬೇಕಿಲ್ಲ. ಕಾದು ನೋಡಿದ ಗುಂಪಿನಲ್ಲಿ ಶೇ. 39 ಮಂದಿ ಆ್ಯಂಟಿಬಯಾಟಿಕ್‌ನಲ್ಲೇ ಗುಣವಾದರು. ಸುಮಾರು ನಾಲ್ಕು ವಾರ ಕಳೆದರೆ ಸತ್ತ ಭಾಗದ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಆಗ ಜಠರದ ಒಳಗಿನಿಂದಲೇ ಎಂಡೋಸ್ಕೋಪ್ ಮೂಲಕ ರಂಧ್ರ ಮಾಡಿ ಅದನ್ನು ಖಾಲಿ ಮಾಡಬಹುದು. ಇದನ್ನೆಲ್ಲ ಅನುಭವ ಇರುವ ತಂಡವೇ ಮಾಡಬೇಕು. ಕಾಯಿಲೆ ಈ ಹಂತಕ್ಕೆ ಹೋಗುತ್ತಿದೆ ಅನಿಸಿದರೆ ಶಸ್ತ್ರವೈದ್ಯ, ಎಂಡೋಸ್ಕೋಪಿ, ರೇಡಿಯಾಲಜಿ ಮೂರೂ ಇರುವ ದೊಡ್ಡ ಆಸ್ಪತ್ರೆಗೆ ಸಾಗಿಸುವ ಮಾತನ್ನು ಬೇಗ ಎತ್ತುವುದು ಒಳ್ಳೆಯದು.

ಕಾಯಬಾರದ ಸಂದರ್ಭವೂ ಒಂದಿದೆ. ಕಾಮಾಲೆ, ಚಳಿಜ್ವರ ಜತೆಯಾಗಿ ಬಂದು ಪಿತ್ತನಾಳಕ್ಕೆ ಸೋಂಕಾಗಿದ್ದರೆ 24 ಗಂಟೆಯೊಳಗೆ ಇಆರ್‌ಸಿಪಿ ಮಾಡಿ ಕಲ್ಲು ತೆಗೆಯಬೇಕು. ಸೋಂಕಿಲ್ಲದಿದ್ದರೆ ಅವಸರದಿಂದ ಲಾಭವಿಲ್ಲ.

ಮನೆಗೆ ಹೋಗುವ ಮುನ್ನ

ನೋವು ಹೋಯಿತು, ಊಟ ಸೇರುತ್ತಿದೆ, ಡಿಸ್ಚಾರ್ಜ್ ಚೀಟಿ ತಯಾರಾಗುತ್ತಿದೆ. ಈ ಗಳಿಗೆಯಲ್ಲಿ ಕೇಳಲೇಬೇಕಾದ ಪ್ರಶ್ನೆ: ‘ಡಾಕ್ಟ್ರೇ, ಇದು ಯಾಕೆ ಬಂತು?’ ಕಾಯಿಲೆ ವಾಸಿಯಾದ ಖುಷಿಯಲ್ಲಿ ಇದು ಸುಮ್ನೆ ತಪ್ಪಿಹೋಗುತ್ತದೆ. ಕಾರಣ ಹಾಗೇ ಉಳಿದರೆ ಕಾಯಿಲೆ ಮತ್ತೆ ಬರುತ್ತದೆ. ಒಮ್ಮೆ ಬಂದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ.

ಕಲ್ಲಿನಿಂದ ಬಂದಿದ್ದರೆ ಪಿತ್ತಕೋಶ ತೆಗೆಯಬೇಕು, ಅದೂ ಆದಷ್ಟು ಅದೇ ಸಲ ಆಸ್ಪತ್ರೆಯಲ್ಲಿ ಇರುವಾಗಲೇ. ‘ಸ್ವಲ್ಪ ಸುಧಾರಿಸಿಕೊಂಡು ಒಂದು ತಿಂಗಳು ಬಿಟ್ಟು ಬನ್ನಿ’ ಅನ್ನುವುದು ಹಳೆಯ ವಾಡಿಕೆ. 2015ರ ಪೊಂಚೊ ಅಧ್ಯಯನ ಇದನ್ನೂ ಅಳೆಯಿತು. ತಿಂಗಳ ನಂತರ ಬರಲು ಹೇಳಿದವರಲ್ಲಿ ಶೇ. 17 ಮಂದಿಗೆ ಕಲ್ಲಿನ ತೊಂದರೆ ಮರುಕಳಿಸಿತು. ಅದೇ ಭರ್ತಿಯಲ್ಲಿ ಪಿತ್ತಕೋಶ ತೆಗೆದವರಲ್ಲಿ ಶೇ. 5 ಮಂದಿಗೆ. ಆಪರೇಷನ್‌ನ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಸೌಮ್ಯ ಕಾಯಿಲೆಯವರ ಮಾತು. ಗ್ರಂಥಿ ಸತ್ತು ನೀರು ತುಂಬಿಕೊಂಡವರಲ್ಲಿ ಅದೆಲ್ಲ ತಿಳಿಯಾಗುವ ತನಕ ಕಾಯಬೇಕು. ಸೌಮ್ಯವಾಗಿದ್ದೂ ಆಪರೇಷನ್ ಮುಂದೂಡಿದರೆ, ಯಾಕೆ ಅಂತ ಕೇಳುವ ಹಕ್ಕು ರೋಗಿಗಿದೆ.

ಮದ್ಯದಿಂದ ಬಂದಿದ್ದರೆ ಬಿಡಬೇಕು, ಸಿಗರೇಟೂ ಸೇರಿ. ‘ಬಿಡಿ’ ಅಂತ ಒಂದು ಸಲ ಹೇಳಿದ್ದರಿಂದ ಆಗುವಂಥದ್ದಲ್ಲ ಅದು. ಫಿನ್ಲೆಂಡ್‌ನಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ತಿಂಗಳಿಗೊಮ್ಮೆ ಕರೆದು ಕೂತು ಮಾತಾಡಿದವರಲ್ಲಿ ಕಾಯಿಲೆ ಮರಳಿದ್ದು ಕಡಿಮೆ. ಒಂದೇ ಸಲ ಬುದ್ಧಿ ಹೇಳಿ ಕಳಿಸಿದವರಲ್ಲಿ ಹೆಚ್ಚು. ಟ್ರೈಗ್ಲಿಸರೈಡ್ ಕಾರಣವಾದರೆ ಮಾತ್ರೆ, ಸಕ್ಕರೆ ಹತೋಟಿ, ಕೊಬ್ಬು ಕಡಿಮೆ ಊಟ ಜೀವನಪೂರ್ತಿ.

ಈಗ ಎಲ್ಲೆಲ್ಲೂ ಮಾತಾಗಿರುವ ತೂಕ ಇಳಿಸುವ ಇಂಜೆಕ್ಷನ್‌ಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಗುಂಪಿನ ಔಷಧಗಳ ಚೀಟಿಯಲ್ಲೇ ಪ್ಯಾಂಕ್ರಿಯಾಟೈಟಿಸ್ ಬಗ್ಗೆ ಎಚ್ಚರಿಕೆ ಇದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ, ಈ ಔಷಧ ತೆಗೆದುಕೊಂಡು ಪ್ಯಾಂಕ್ರಿಯಾಟೈಟಿಸ್‌ನಿಂದ ಆಸ್ಪತ್ರೆ ಸೇರಿದವರ ಜೀನ್‌ಗಳಲ್ಲಿ ಏನಾದರೂ ಸುಳಿವು ಸಿಗುತ್ತದೆಯೇ ಅಂತ ಹುಡುಕಲು ಶುರು ಮಾಡಿತು. ತೆಗೆದುಕೊಳ್ಳುವವರ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪ. ಜತೆಗೆ, ಯಾವ ದಾರಿಯಲ್ಲೇ ಆಗಲಿ ತೂಕ ತೀರಾ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಹೆದರಿ ಔಷಧ ಬಿಡಬೇಕಿಲ್ಲ. ಆದರೆ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಬಿಡದ ಹೊಟ್ಟೆನೋವು ಬಂದರೆ ‘ಔಷಧದ್ದೇ ಹೊಟ್ಟೆ ಕಿರಿಕಿರಿ’ ಅಂತ ಸುಮ್ಮನಿರದೆ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಪ್ಯಾಂಕ್ರಿಯಾಟೈಟಿಸ್ ಆಗಿದ್ದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು.

ವಾಸಿಯಾದ ಮೇಲೂ ಗ್ರಂಥಿ ಮೊದಲಿನಂತೆಯೇ ಇರುತ್ತದೆ ಅನ್ನಲಾಗದು. ಇನ್ಸುಲಿನ್ ಮಾಡುವ ಕೋಶಗಳಿಗೆ ಏಟು ಬಿದ್ದು ತಿಂಗಳುಗಳ, ವರ್ಷಗಳ ನಂತರ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳಬಹುದು. ಸೌಮ್ಯವಾಗಿ ಬಂದುಹೋದವರಲ್ಲೂ ಇದು ಕಂಡಿದೆ. ಹಾಗಾಗಿ ಆಗಾಗ ರಕ್ತದ ಸಕ್ಕರೆ ನೋಡಿಸುತ್ತಿರಬೇಕು. ಮಲ ಜಿಡ್ಡಾಗಿ, ದುರ್ವಾಸನೆಯಿಂದ, ನೀರು ಹಾಕಿದರೂ ಹೋಗದೆ ತೇಲುತ್ತಿದ್ದು, ತೂಕ ಇಳಿಯುತ್ತಿದ್ದರೆ ಜೀರ್ಣರಸ ಸಾಲುತ್ತಿಲ್ಲ ಅಂತ ಅರ್ಥ. ಅದಕ್ಕೆ ಊಟದ ಜತೆಗೇ ತೆಗೆದುಕೊಳ್ಳುವ ಕಿಣ್ವದ ಕ್ಯಾಪ್ಸೂಲ್ ಇದೆ.

ಎಷ್ಟು ಹುಡುಕಿದರೂ ಕಾರಣ ಸಿಗದವರೂ ಇದ್ದಾರೆ. ಅವರಿಗೆ ಅಲ್ಟ್ರಾಸೌಂಡ್ ಇನ್ನೊಮ್ಮೆ ಮಾಡಿಸಬೇಕು. ಮೊದಲ ಸಲ ಕಾಣದ ಸಣ್ಣ ಕಲ್ಲು, ಕೆಸರಿನಂಥ ಪಿತ್ತ ಎಷ್ಟೋ ಸಲ ಎರಡನೇ ಸಲ ಕಾಣುತ್ತವೆ. ಎಂಡೋಸ್ಕೋಪ್ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಪರೀಕ್ಷೆ ಅಥವಾ ಎಂಆರ್‌ಐ ಇನ್ನೂ ಸೂಕ್ಷ್ಮವಾಗಿ ನೋಡುತ್ತದೆ. ವಯಸ್ಸು 40 ದಾಟಿದ್ದು, ಕಲ್ಲೂ ಇಲ್ಲ, ಮದ್ಯವೂ ಇಲ್ಲ ಅಂದರೆ ಉರಿಯೂತ ಇಳಿದ ಮೇಲೆ ಸ್ಕ್ಯಾನ್ ಮಾಡಿಸಲೇಬೇಕು. ಗ್ರಂಥಿಯ ನಾಳವನ್ನು ಒತ್ತುತ್ತಿರುವ ಗಡ್ಡೆಯೊಂದು ತನ್ನ ಇರವನ್ನು ಮೊದಲ ಸಲ ತಿಳಿಸುವುದು ಕೆಲವೊಮ್ಮೆ ಇದೇ ನೋವಿನಿಂದ. ಬಾವು ಇರುವಾಗ ಮಾಡಿದ ಸ್ಕ್ಯಾನ್‌ನಲ್ಲಿ ಅದು ಮರೆಯಾಗಿರುತ್ತದೆ.